ಅಲೈನರ್‌ಗೆ ಅಟ್ಯಾಚ್‌ಮೆಂಟ್ ಅಂಟಿಸುವಾಗ ನಾನು ಮಾಡೋದು

ಕ್ಲಿಯರ್ ಅಲೈನರ್, ಅಂದರೆ ಹಲ್ಲು ಸರಿಮಾಡಲು ಒಂದಾದ ಮೇಲೊಂದು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಕವಚ, ಕೇಳಿಕೊಂಡು ಬರುವವರು ಹಾಸನದಲ್ಲೂ ಈಗ ಜಾಸ್ತಿ. ತಂತಿ ಬೇಡ, ಯಾರಿಗೂ ಕಾಣಬಾರದು, ಅಷ್ಟೇ ಅವರ ಬೇಡಿಕೆ. ಹಲ್ಲಿನ ಮೇಲೆ ಅಲ್ಲಲ್ಲಿ ಸಣ್ಣ ಉಬ್ಬು ಅಂಟಿಸಬೇಕು ಅಂದ ಕೂಡಲೇ "ಇದೇನ್ ಡಾಕ್ಟ್ರೇ, ಕಾಣಲ್ಲ ಅಂದಿದ್ರಲ್ಲ?" ಅಂತ ಮುಖ ಸಣ್ಣಗೆ ಮಾಡುತ್ತಾರೆ. ಅದಕ್ಕೇ ದುಡ್ಡಿನ ಮಾತಿಗೂ ಮೊದಲು ನಾನು ಇದನ್ನೇ ಹೇಳಿಬಿಡುತ್ತೇನೆ. ಕೋರೆಹಲ್ಲು ದುಂಡಗೆ, ನುಣ್ಣಗೆ ಇರುತ್ತದೆ. ಅದನ್ನು ತಿರುಗಿಸಬೇಕಾದರೆ ಪ್ಲಾಸ್ಟಿಕ್‌ಗೆ ಹಿಡಿಯಲು ಒಂದು ಅಂಚು ಬೇಕು, ಇಲ್ಲದಿದ್ದರೆ ಜಾರುತ್ತದೆ. ಹುಳುಕು ತುಂಬಲು ಬಳಸುವ, ಹಲ್ಲಿನ ಬಣ್ಣದ ಕಾಂಪೋಸಿಟ್‌ನಲ್ಲಿ ಮಾಡುವ ಆ ಅಂಚೇ ಅಟ್ಯಾಚ್‌ಮೆಂಟ್.

ದುಬಾರಿ ಕಾಂಪೋಸಿಟ್ ತಂದರೆ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಹಲ್ಲು ಒಣಗಿದೆಯಾ ಅನ್ನೋದೇ ಮುಖ್ಯ.

ಮೊದಲು ಖಾಲಿ ಟೆಂಪ್ಲೇಟ್ (ಉಬ್ಬಿನ ಜಾಗದಲ್ಲಿ ಗುಳಿ ಇರುವ ಪ್ಲಾಸ್ಟಿಕ್ ಅಚ್ಚು) ಹಾಕಿ ಎಲ್ಲಾ ಕಡೆ ಕೂರುತ್ತದಾ ನೋಡುತ್ತೇನೆ. ಆಮೇಲೆ ಅದನ್ನು ನಡುವೆ ಕತ್ತರಿಸಿ ಎರಡು ತುಂಡು ಮಾಡುತ್ತೇನೆ. ಇಡೀ ಸಾಲು ಒಂದೇ ಸಲ ಮಾಡಲು ಹೋದರೆ ಕೊನೆಯ ಹಲ್ಲು ತಲುಪುವಷ್ಟರಲ್ಲಿ ಮೊದಲನೆಯದಕ್ಕೆ ಜೊಲ್ಲು ತಾಗಿರುತ್ತದೆ. ಎಣ್ಣೆ ಅಂಶ ಇಲ್ಲದ, ಕಲ್ಲಿನ ಪುಡಿಯಾದ ಪ್ಯೂಮಿಸ್‌ನಲ್ಲಿ ಉಜ್ಜಿ, ಕೆನ್ನೆ ಎಳೆದು ಹಿಡಿಯುವ ಚೀಕ್ ರಿಟ್ರಾಕ್ಟರ್ ಹಾಕಿ, ಹತ್ತಿ ರೋಲ್ ಇಟ್ಟು, ಸಕ್ಷನ್ ಹಿಡಿಯಲು ಅಸಿಸ್ಟೆಂಟ್ ಪಕ್ಕದಲ್ಲಿ ನಿಂತ ಮೇಲೇ ಹಲ್ಲಿನ ಹೊರಪದರ ಎನಾಮಲ್ ಅನ್ನು ಒರಟು ಮಾಡುವ 37% ಫಾಸ್ಫಾರಿಕ್ ಆಸಿಡ್ ಕೈಗೆತ್ತಿಕೊಳ್ಳೋದು. ಉಬ್ಬು ಬರುವ ಜಾಗಕ್ಕಷ್ಟೇ ಹಚ್ಚುತ್ತೇನೆ, 30 ಸೆಕೆಂಡ್. ಹಲ್ಲಿಗೆಲ್ಲಾ ಬಳಿದರೆ ಸುತ್ತ ಹರಡಿದ ಕಾಂಪೋಸಿಟ್ ಕೂಡ ಗಟ್ಟಿಯಾಗಿ ಅಂಟಿ ಆಮೇಲೆ ಜೀವ ತಿನ್ನುತ್ತದೆ. ತೊಳೆದು ಒಣಗಿಸಿದಾಗ ಆ ಜಾಗ ಸೀಮೆಸುಣ್ಣದ ಹಾಗೆ ಬೆಳ್ಳಗಾಗಬೇಕು. ಆಗಲಿಲ್ಲವಾ, ಇನ್ನೊಮ್ಮೆ ಆಸಿಡ್ ಹಚ್ಚೋದು.

ಮಳೆಗಾಲದಲ್ಲಿ ಒಂದು ಕಾಟ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಂಪ್ರೆಸರ್ ಟ್ಯಾಂಕ್‌ನಲ್ಲಿ ನೀರು ಕೂತು, ಒಣಗಿಸಬೇಕಾದ ಗಾಳಿಯೇ ತೇವ ಉಗುಳುತ್ತದೆ. ಬೆಳಗ್ಗೆ ಟ್ಯಾಂಕಿನ ನೀರು ಬಿಟ್ಟು, ಗಾಳಿಯನ್ನು ಬಾಯಿಕನ್ನಡಿ ಮೇಲೆ ಊದಿ ನೋಡಿ. ಹನಿ ಕಂಡರೆ ಆ ಹೊತ್ತು ಅಂಟಿಸುವ ಕೆಲಸ ಬೇಡ.

ಅಡ್ಹೆಸಿವ್ (ಅಂಟು) ತೆಳ್ಳಗೆ ಹಚ್ಚಿ, ಗಾಳಿ ಊದಿ, ಅದನ್ನು ಗಟ್ಟಿ ಮಾಡುವ ಲೈಟ್ ಹಿಡಿಯುತ್ತೇನೆ. ಟೆಂಪ್ಲೇಟ್ ಗುಳಿಗಳಿಗೆ ಕಾಂಪೋಸಿಟ್ ತುಂಬುವಾಗ ಮಟ್ಟಕ್ಕೆ ಸರಿಯಾಗಿ ನಿಲ್ಲಿಸಬೇಕು. ಕಮ್ಮಿಯಾದರೆ ಮೂಲೆ ಮುರುಕಾಗುತ್ತದೆ, ಜಾಸ್ತಿಯಾದರೆ ಸುತ್ತ ಹರಡುತ್ತದೆ. ತೆಳುವಾಗಿ ಹರಿಯುವ ಫ್ಲೋಯಬಲ್ ಕಾಂಪೋಸಿಟ್ ಸುಲಭವಾಗಿ ತುಂಬುತ್ತದೆ ನಿಜ, ಆದರೆ ದಿನಾ ಅಲೈನರ್ ತೆಗೆದು ಹಾಕಿ ಮಾಡುವ ಸವೆತಕ್ಕೆ ಗಟ್ಟಿ ಕಾಂಪೋಸಿಟ್ಟೇ ವಾಸಿ ಅಂತ ನನ್ನ ಅಭಿಪ್ರಾಯ. ಇನ್ನೊಂದು, ಟೆಂಪ್ಲೇಟ್ ಒತ್ತುವಾಗ ಉಬ್ಬಿನ ಮೇಲೇ ಬೆರಳಿಡಬೇಡಿ, ಆಕಾರ ಕೆಡುತ್ತದೆ. ಪಕ್ಕದಲ್ಲಿ ಒತ್ತಿ ಒಂದೊಂದು ಹಲ್ಲಿಗೂ ಲೈಟ್ ಹಿಡಿಯಿರಿ. ಬಿಚ್ಚುವಾಗ ನಾಲಿಗೆ ಕಡೆಯಿಂದ ಎತ್ತಿ ಹೊರಗೆ ಸುಲಿಯಬೇಕು.

ಸುತ್ತ ಉಳಿದ ತೆಳು ಪದರ ಕಣ್ಣಿಗೆ ಬೀಳುವುದಿಲ್ಲ, ಪ್ರೋಬ್, ಅಂದರೆ ಚೂಪು ಕಡ್ಡಿ, ಆಡಿಸಿದರೆ ಸಿಗುತ್ತದೆ. ಡ್ರಿಲ್ಲಿನ ಫೈನ್ ಬರ್‌ನಲ್ಲಿ ಅದನ್ನು ತೆಗೆದರೂ ಉಬ್ಬಿನ ಅಂಚನ್ನು ಮುಟ್ಟುವುದಿಲ್ಲ. ಕೊನೆಗೆ ಅಲೈನರ್ ಹಾಕಿ ನೋಡೋದು. ಹಲ್ಲಿಗೂ ಪ್ಲಾಸ್ಟಿಕ್‌ಗೂ ನಡುವೆ ಸಂದು ಕಂಡರೆ ಎಲ್ಲೋ ಪದರ ಉಳಿದಿದೆ ಅಂತ ಅರ್ಥ.

ಅರಸೀಕೆರೆ ಕಡೆಯಿಂದ ಬರುವವರಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದಾಗುವ ಫ್ಲೋರೋಸಿಸ್ ಕಲೆ ನೋಡುತ್ತಿರುತ್ತೇನೆ. ಆ ಎನಾಮಲ್ ಆಸಿಡ್‌ಗೆ ಅಷ್ಟು ಬೇಗ ಬಗ್ಗುವುದಿಲ್ಲ, ಹೊತ್ತು ಜಾಸ್ತಿ ಕೊಡಬೇಕು. ಸೆರಾಮಿಕ್ ಕ್ಯಾಪ್ ಇದ್ದರಂತೂ ಈ ಆಸಿಡ್ ಸಾಲದು. ಅದರ ಮೇಲ್ಮೈಯನ್ನು ಒರಟು ಮಾಡಿ ಕಾಂಪೋಸಿಟ್ ಹಿಡಿಯುವಂತೆ ಮಾಡುವ ಸೈಲೇನ್ ಹಚ್ಚಬೇಕು, ಅದೇ ಬೇರೆ ಕೆಲಸ.

ಸಕಲೇಶಪುರದವರಿಗೆ ಕಾಫಿ ಬಗ್ಗೆ ಎರಡು ಸಲ ಹೇಳುತ್ತೇನೆ. ಅಲೈನರ್ ತೆಗೆದಿಟ್ಟೇ ಕುಡಿಯಬೇಕು, ಕುಡಿದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಉಬ್ಬಿಗೆ ಕಂದು ಬಣ್ಣ ಹಿಡಿಯುತ್ತದೆ. ದಿನಕ್ಕೆ 20ರಿಂದ 22 ಗಂಟೆ ಹಾಕಲೇಬೇಕಾದ್ದರಿಂದ ಗಂಟೆಗೊಂದು ಲೋಟ ನಡೆಯಲ್ಲ. ಉಬ್ಬು ಉದುರಿದರೆ ಮುಂದಿನ ಅಲೈನರ್‌ಗೆ ಹೋಗುವ ಮೊದಲು ಫೋನ್ ಮಾಡಿ ಅಂತಲೂ ಹೇಳಿರುತ್ತೇನೆ. ಟೆಂಪ್ಲೇಟ್ ತುಂಡುಗಳನ್ನು ನಾನು ಎಸೆಯುವುದಿಲ್ಲ, ಹೆಸರು ಬರೆದು ಡಬ್ಬಿಯಲ್ಲಿಟ್ಟಿರುತ್ತೇನೆ. ಬಂದರೆ ಆ ಒಂದು ಹಲ್ಲಿನಷ್ಟು ಕತ್ತರಿಸಿ ಮತ್ತೆ ಅಂಟಿಸಬಹುದು.