ತಾಳೆ ಸಸಿ ತರೋ ಮುಂಚೆ ಬೀಜದ ಮೂಲ ಕೇಳಿ

ಎಣ್ಣೆ ತಾಳೆ (ಪಾಮ್ ಆಯಿಲ್ ಕೊಡೋ ಮರ) ಹಾಕೋರಿಗೆ ಒಂದು ಮಾತು. ಉದುರಿದ ಹಣ್ಣಿಂದ ಎಬ್ಬಿಸಿದ ಸಸಿ ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ. ನಮಗೆ ಬೇಕಾದ್ದು ಟೆನೆರಾ, ಅಂದ್ರೆ ಡ್ಯೂರಾ ಅನ್ನೋ ಬಗೆಯ ತಾಯಿ ಮರಕ್ಕೆ ಪಿಸಿಫೆರಾ ಅನ್ನೋ ಬಗೆಯ ಪರಾಗ ಕೊಟ್ಟು ಮಾಡಿದ ಹೈಬ್ರಿಡ್. ಟೆನೆರಾ ತೋಟದ ಬೀಜವನ್ನೇ ಮತ್ತೆ ಬಿತ್ತಿದ್ರೆ ಸುಮಾರು ಕಾಲು ಭಾಗ ದಪ್ಪ ಚಿಪ್ಪಿನ, ಎಣ್ಣೆ ಕಮ್ಮಿ ಇರೋ ಡ್ಯೂರಾ, ಇನ್ನು ಕಾಲು ಭಾಗ ಗೊನೆ ಸರಿಯಾಗಿ ಕಟ್ಟದ ಪಿಸಿಫೆರಾ. ಅದು ಗೊತ್ತಾಗೋದು ಮೂರು-ನಾಲ್ಕು ವರ್ಷ ನೀರು, ಗೊಬ್ಬರ ಸುರಿದ ಮೇಲೆ! ಎಕರೆಗೆ ಕೂರೋದೇ 57 ಸಸಿ, ಅದರಲ್ಲಿ ಅರ್ಧ ಹೀಗೆ ಹೋದ್ರೆ ಉಳಿಯೋದೇನು?

ನರ್ಸರಿಯಲ್ಲಿ ಬೀಜದ ಮೂಲ, ಬ್ಯಾಚ್ ನಂಬರ್, ಬಿತ್ತಿದ ತಾರೀಕು ಕೇಳಿ ಬಿಲ್ಲಿನ ಮೇಲೇ ಬರೆಸಿ. ಯಾವ ಸಾಲಿಗೆ ಯಾವ ಬ್ಯಾಚ್ ಅಂತ ನಾನು ಹಳೇ ನೋಟ್‌ಬುಕ್‌ನಲ್ಲಿ ಗೀಚಿಟ್ಟಿದೀನಿ.

ಫಸಲು ಬಂದ ಮೇಲೆ ಹಣ್ಣನ್ನ ಅಡ್ಡ ಕೊಯ್ದು ನೋಡಿ: ತೆಳು ಚಿಪ್ಪು, ಅದರ ಸುತ್ತ ಕಪ್ಪು ನಾರಿನ ಉಂಗುರ ಕಂಡ್ರೆ ಟೆನೆರಾ.