ಕಂಬಳಿ ಮೊದಲು, ಡೋಸ್ ಆಮೇಲೆ

ನಾನು ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ಟೆಕ್ನಾಲಜಿಸ್ಟ್. ಬೆಳಗ್ಗೆ ಸೀಸದ ಡಬ್ಬಿಯಲ್ಲಿ ಎಫ್‌ಡಿಜಿ ಬಂತು ಅಂದರೆ ಕಣ್ಣೆಲ್ಲ ಗಡಿಯಾರದ ಮೇಲೆ. ಎಫ್‌ಡಿಜಿ ಅಂದರೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಇದನ್ನು ಜಾಸ್ತಿ ಎಳೆದುಕೊಂಡು ಸ್ಕ್ಯಾನ್‌ನಲ್ಲಿ ಬೆಳಗುತ್ತದೆ. ಆದರೆ ಇದರ ವಿಕಿರಣ 110 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಏಳಕ್ಕೆ 20 ಮಿಲಿಕ್ಯೂರಿ (ವಿಕಿರಣದ ಅಳತೆ) ಇದ್ದದ್ದು 8.50ಕ್ಕೆ ಹತ್ತೇ. ಅಷ್ಟರಲ್ಲಿ ಪೇಷಂಟ್‌ಗೆ ಶುಗರ್ ನೋಡಬೇಕು, ರಕ್ತನಾಳಕ್ಕೆ ಕ್ಯಾನುಲಾ ಅನ್ನೋ ಸಣ್ಣ ಕೊಳವೆ ಹಾಕಬೇಕು, ಡೋಸ್ ಅಳೆದು ಕೊಡಬೇಕು. ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಸುಮ್ನೆ ಮಲಗಿರಬೇಕು.

ಈ ಒಂದು ಗಂಟೆಯೇ ಎಲ್ಲಕ್ಕಿಂತ ಮುಖ್ಯ ಅಂತ ನಾನು ತಡವಾಗಿ ಕಲಿತೆ.

ಕೆಲಸಕ್ಕೆ ಸೇರಿದ ಹೊಸದು. ಲಿಂಫೋಮಾಗೆ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ, ಕೀಮೋ ಮುಗಿಸಿದ್ದ ಒಬ್ಬ ಕಾಲೇಜು ಹುಡುಗಿ, ತುಂಬಾ ಸಣ್ಣ ಇದ್ದಳು. ಡಿಸೆಂಬರ್ ಬೆಳಗ್ಗೆ, ಸ್ಕೂಟರ್‌ನಲ್ಲಿ ಬಂದಿದ್ದಳು, ನಮ್ಮ ರೂಮಿನಲ್ಲಿ ಎಸಿ ಬೇರೆ. "ಅಕ್ಕಾ, ಚಳಿ ಆಗ್ತಿದೆ" ಅಂದಳು. "ಸ್ವಲ್ಪ ಹೊತ್ತು ಅಷ್ಟೇ ಕಣಮ್ಮ, ಅಲ್ಲಾಡಬೇಡ" ಅಂತ ಹೇಳಿ ಹೊರಗೆ ಬಂದೆ.

ಸ್ಕ್ಯಾನ್ ನೋಡಿದರೆ ಕುತ್ತಿಗೆಯ ಎರಡೂ ಪಕ್ಕ, ಭುಜದವರೆಗೆ, ಬೆಳಗುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಡಾಕ್ಟರ್ ಸಿಟಿ ಸ್ಕ್ಯಾನ್ ಚಿತ್ರ ಜೊತೆಗಿಟ್ಟು ನೋಡಿದರು, ಬೆಳಗಿದ ಕಡೆ ಬಹುಪಾಲು ಬರೀ ಕೊಬ್ಬು. ಚಳಿಯಾದಾಗ ಮೈ ಬಿಸಿ ಮಾಡಲು ಕಂದು ಕೊಬ್ಬು ಗ್ಲೂಕೋಸ್ ಸುಡುತ್ತದೆ, ಎಫ್‌ಡಿಜಿಯನ್ನೂ ಎಳೆದುಕೊಳ್ಳುತ್ತದೆ. ಆದರೆ ಅದರ ಮರೆಯಲ್ಲಿ ಸಣ್ಣ ಗಂಟು ಇಲ್ಲ ಅಂತ ಹೇಳುವುದು ಹೇಗೆ? ಮತ್ತೆ ಬರಲು ಹೇಳಿದರು. ಮತ್ತೊಂದು ಡೋಸ್, ಮತ್ತೆ ಖರ್ಚು, ಅವಳ ತಾಯಿಗೆ ಅಷ್ಟು ದಿನ ನಿದ್ದೆಯಿಲ್ಲ. ಒಂದು ಕಂಬಳಿ ಕೊಟ್ಟಿದ್ದರೆ ಬಹುಶಃ ತಪ್ಪುತ್ತಿತ್ತು.

ಎರಡನೇ ಸಲ ಎಸಿ ಆರಿಸಿ, ಎರಡು ಕಂಬಳಿ ಹೊದಿಸಿ, ಮೈ ಬೆಚ್ಚಗಾದ ಮೇಲೆಯೇ ಡೋಸ್ ಕೊಟ್ಟೆ. ಕುತ್ತಿಗೆಯಲ್ಲಿ ಏನೂ ಇರಲಿಲ್ಲ.

ಈಗ ನನ್ನ ಮಾತೆಲ್ಲ ಚುಚ್ಚುವ ಮೊದಲೇ ಮುಗಿಯುತ್ತದೆ. ಆರು ಗಂಟೆ ಏನೂ ತಿಂದಿಲ್ಲ ಅಲ್ವಾ? ನಿನ್ನೆ ಜಾಸ್ತಿ ಓಡಾಡಿದ್ರಾ? ಬಾಯಲ್ಲಿ ಎಲೆ ಅಡಿಕೆ ಇದೆಯಾ? ಅಗಿಯುತ್ತಿದ್ದರೆ ದವಡೆಯ ಸ್ನಾಯು ಬೆಳಗುತ್ತದೆ, ಮಾತಾಡುತ್ತಿದ್ದರೆ ಗಂಟಲು. ಡೋಸ್ ಕೊಟ್ಟ ಮೇಲೆ ನಾನೂ ಹತ್ತಿರ ಜಾಸ್ತಿ ಹೊತ್ತು ನಿಲ್ಲುವ ಹಾಗಿಲ್ಲ, ಅವರ ಮೈಯಿಂದಲೇ ಗಾಮಾ ಕಿರಣ ಬರುತ್ತಿರುತ್ತದೆ. ಅದಕ್ಕೇ "ಚಳಿ ಆಗ್ತಿದೆಯಾ?" ಅಂತ ಮೊದಲೇ ಕೇಳಿ, ಅವರ ಕೈ ಮುಟ್ಟಿ ನೋಡುತ್ತೇನೆ. ತಣ್ಣಗಿದ್ದರೆ, ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ಸಿರಿಂಜ್ ಸೀಸದ ಹಿಂದೆಯೇ ಇರುತ್ತದೆ.