ಒಡೆದ ಗಾಜು ಕೊನೆಗೂ ತಾಳೆಯಾಯಿತು

"ಸರ್, ಗಾಜು ಗಾಜೇ ಅಲ್ವಾ? ಅದಕ್ಕೆ ಬೆಂಗಳೂರಿಗೆ ಯಾಕೆ ಓಡಾಟ?" ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ವರ್ಷ ಈ ಮಾತು ಕೇಳಿದೆ. ಈಗ ಯಾರೂ ಕೇಳುತ್ತಿಲ್ಲ. ಒಡೆದ ಗಾಜಿನ ಚೂರು ಅಳೆದು, ಅದು ಯಾವ ಗಾಡಿಯದ್ದು ಅಂತ ಹೇಳಬಹುದಾ ಎಂದು ನೋಡುವ ಓಡಾಟ ಅದು.

ನಾನು ದಾವಣಗೆರೆಯಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಪಿ.ಬಿ. ರಸ್ತೆಯಲ್ಲಿ ಗೆಳೆಯನದೊಂದು ಗಾಡಿ ಗಾಜಿನ ಅಂಗಡಿ ಇದೆ. ಹೈವೇ ಊರು, ಗಾಜು ಒಡೆದ ಗಾಡಿಗೆ ಬರ ಇಲ್ಲ. ಅವನು ಬಿಸಾಡುವ ಚೂರನ್ನೇ ಕವರಿಗೆ ತುಂಬಿ, ನಂಬರ್ ಬರೆದು ತಂದೆ. ಸುಮಾರು 15 ಗಾಡಿಯದ್ದು.

ಮೊದಲು ರಿಫ್ರಾಕ್ಟಿವ್ ಇಂಡೆಕ್ಸ್ ಅಳೆದೆ, ಅಂದರೆ ಗಾಜು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನೋದು. ಎಲ್ಲ ಚೂರೂ 1.52ರ ಆಸುಪಾಸಿನಲ್ಲೇ ಗುಂಪು ಕಟ್ಟಿ ನಿಂತವು. ಆರೇಳು ಗಾಡಿ ಬೇರೆಯಾಗಲೇ ಇಲ್ಲ. ಆಮೇಲೆ ಎಕ್ಸ್-ರೇ ಬಿಟ್ಟು ಧಾತುಗಳನ್ನು ಅಳೆಯುವ ಮೈಕ್ರೋ ಎಕ್ಸ್‌ಆರ್‌ಎಫ್‌ಗೆ ಇಟ್ಟೆ. ಚೂರು ಚಿಕ್ಕದು, ಓರೆಕೋರೆ ಬೇರೆ. ಅದನ್ನೇ ತಿರುಗಿಸಿಟ್ಟರೆ ಬೇರೆ ಅಂಕಿ.

ಉಳಿದದ್ದು ಲೇಸರ್ ಅಬ್ಲೇಷನ್ ಐಸಿಪಿ-ಎಂಎಸ್, ಅಂದರೆ ಲೇಸರಿನಿಂದ ಗಾಜಿನ ಕಣ ಕಿತ್ತು ಯಾವ ಧಾತು ಎಷ್ಟಿದೆ ಅಂತ ಅಳೆಯುವ ವಿಧಾನ. ಯಂತ್ರ ಬೆಂಗಳೂರಲ್ಲಿ, ಗಂಟೆ ಲೆಕ್ಕದ ಬಾಡಿಗೆ, ನಾಲ್ಕೈದು ಸಾವಿರ. ಚೀಟಿ ಎತ್ತಿದ ದುಡ್ಡು ಅಲ್ಲೇ ಹೋಯಿತು. ಒಟ್ಟು 70 ಸಾವಿರ ಆಗಿರಬೇಕು, ಮನೆಯಲ್ಲಿ 40 ಅಂತ ಹೇಳಿದ್ದೇನೆ. ಮೊದಲ ದಿನ ಲೇಸರ್ ಬಿದ್ದ ತಕ್ಷಣ ಚೂರುಗಳು ಮೆಕ್ಕೆಜೋಳದ ಅರಳಿನ ಹಾಗೆ ಎಗರಿದವು. ಚೂರು ಇಡುವ ಸೆಲ್ ಬಿಚ್ಚಿ ಒರೆಸುವುದರಲ್ಲೇ ಎರಡು ಗಂಟೆ ಬಾಡಿಗೆ ಹೋಯಿತು. ಈಗ ಅರ್ಧ ಮಿಲಿಮೀಟರ್ ಚೂರೂ ಅಲುಗಾಡುವುದಿಲ್ಲ. ಯಾವುದರಿಂದ ಅಂಟಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಿಜವಾದ ಪೆಟ್ಟು ಬಿದ್ದದ್ದು ಲೆಕ್ಕದಲ್ಲಿ. ಒಂದು ಕಾರಿನ ಬಾಗಿಲ ಗಾಜು. ಒಂದೇ ಚೂರಿನ ಮೇಲೆ ಮೂರು ಗುಳಿ ಹೊಡೆದೆ. ಸ್ಟ್ರಾನ್ಷಿಯಂ ಅನ್ನುವ ಧಾತು ಸರಾಸರಿ 58 ಪಿಪಿಎಂ (ಹತ್ತು ಲಕ್ಷಕ್ಕೆ 58 ಭಾಗ), ಸ್ಟ್ಯಾಂಡರ್ಡ್ ಡೀವಿಯೇಷನ್ (ರೀಡಿಂಗುಗಳ ಏರುಪೇರು) 0.4. ಇನ್ನೊಂದು ಚೂರು ತಾಳೆಯಾಗಬೇಕಾದರೆ ವ್ಯತ್ಯಾಸ ಇದರ ನಾಲ್ಕು ಪಟ್ಟಿನೊಳಗಿರಬೇಕು, ಅಂದರೆ 1.6. ಅದೇ ಬಾಗಿಲಿನ ಇನ್ನೊಂದು ಚೂರು 60 ತೋರಿಸಿ ಹೊರಗೆ ಬಿತ್ತು! ಸ್ಟಾಫ್ ರೂಮಿನವರಿಗೆ ಹಬ್ಬ.

ಯಂತ್ರದ ತಪ್ಪು ಅಂದುಕೊಂಡು ಅಂಕಿ ಮೊದಲೇ ತಿಳಿದಿರುವ ಅಳತೆ ಗಾಜು ನಿಸ್ಟ್ 612 ಮತ್ತೆ ಮತ್ತೆ ಓಡಿಸಿದೆ. ಯಂತ್ರ ಸರಿ ಇತ್ತು. ಎಎಸ್‌ಟಿಎಂ ಇ2927 (ಈ ವಿಧಾನದಲ್ಲಿ ಗಾಜು ಹೋಲಿಸುವ ನಿಯಮಾವಳಿ) ಮತ್ತೆ ತೆರೆದು ನೋಡಿದೆ. ಯಾವ ಗಾಡಿಯದ್ದು ಅಂತ ಗೊತ್ತಿರುವ ಗಾಜಿನಿಂದ ಕನಿಷ್ಠ ಮೂರು ಚೂರು, ಒಟ್ಟು ಒಂಬತ್ತು ರೀಡಿಂಗ್. ಡೀವಿಯೇಷನ್ ಎಷ್ಟೇ ಚಿಕ್ಕದು ಬರಲಿ, ಸರಾಸರಿಯ ಶೇ 3ಕ್ಕಿಂತ ಕಡಿಮೆ ಇಟ್ಟುಕೊಳ್ಳುವ ಹಾಗಿಲ್ಲ. 58ಕ್ಕೆ ಅದು 1.74, ನಾಲ್ಕು ಪಟ್ಟು ಮಾಡಿದರೆ ಎರಡೂ ಕಡೆ 7; 60 ಆರಾಮಾಗಿ ಒಳಗೆ. ಓದಿದ್ದೆ, ಬಾಡಿಗೆ ಉಳಿಸಲು ಹಾರಿಸಿದ್ದೆ. ಸುಮ್ನೆ ಮೂರು ಸಲ ಬೆಂಗಳೂರಿಗೆ ಹೋಗಿ ಬಂದ ಹಾಗಾಯಿತು.

ಮುಂದಿನ ಗಾಜಿನಲ್ಲಿ ಉಲ್ಟಾ ತಪ್ಪು. ವಿಂಡ್‌ಸ್ಕ್ರೀನ್‌ನಲ್ಲಿ ಎರಡು ಗಾಜು, ನಡುವೆ ಪ್ಲಾಸ್ಟಿಕ್ ಹಾಳೆ. ಎರಡರ ಚೂರನ್ನೂ ಬೆರೆಸಿ ಒಂದೇ ಗಾಜು ಅಂತ ಎಣಿಸಿದೆ. ಜಿರ್ಕೋನಿಯಂ ಧಾತುವಿನ ಅಂಕಿ ಎಷ್ಟು ಹರಡಿತೆಂದರೆ ಸಿಕ್ಕಸಿಕ್ಕ ಗಾಡಿಯೆಲ್ಲ ಮಿತಿಯ ಒಳಗೆ ಬಂತು. ಈಗ ಹಾಳೆ ಸುಲಿದು, ಹೊರಗಿನದು ಒಳಗಿನದು ಬೇರೆ ಬೇರೆ ಕವರಿಗೆ ಹಾಕುತ್ತೇನೆ.

ನಡುವೆ ಒಂದು ಚಪಲ. ಯಂತ್ರದ ಟೈಮ್ ಸ್ವಲ್ಪ ಉಳಿದಿತ್ತು. ಚಿತ್ರದುರ್ಗದ ಜಾತ್ರೆಯಲ್ಲಿ ಕೊಂಡಿದ್ದ ನೀಲಿ ಬಳೆಯ ಚೂರು ಇಟ್ಟೆ. (ಬಳೆ ಒಡೀತು ಅನ್ನಬಾರದು, ಹೆಚ್ಚಿತು ಅನ್ನಬೇಕು ಅಂತ ಅಮ್ಮನ ತಿದ್ದುಪಡಿ.) ನೀಲಿ ಬಣ್ಣ ಕೊಡುವ ಕೋಬಾಲ್ಟ್ ಗ್ರಾಫಿನ ನೆತ್ತಿಗೆ ಹೋಗಿ ಕೂತಿತು. ಯಾವ ಉಪಯೋಗವೂ ಇಲ್ಲ, ಆದರೆ ನೋಡೋಕೆ ಖುಷಿ.

ಕೊನೆಗೆ ಗೆಳೆಯನೇ 12 ಪೊಟ್ಟಣ ಕಟ್ಟಿ ಕೊಟ್ಟ. ಯಾವುದು ಯಾವ ಗಾಡಿಯದ್ದು ಅಂತ ಅವನ ಡೈರಿಯಲ್ಲಿ ಮಾತ್ರ. ಯಾವ ಗಾಡಿ ಅಂತ ಹನ್ನೆರಡಕ್ಕೆ ಹನ್ನೆರಡೂ ಸರಿ ಹೇಳಿದೆ. 4 ಮತ್ತು 9 ಮಾತ್ರ ಒಂದರಿಂದ ಒಂದು ಬೇರ್ಪಡಲಿಲ್ಲ. ಡೈರಿ ನೋಡಿದರೆ ಒಂದೇ ಕಾರಿನ ಎಡಗಡೆಯ ಎರಡು ಬಾಗಿಲು. ಒಂದೇ ಲಾಟಿನ ಗಾಜಾಗಿದ್ದರೆ ಯಂತ್ರ ಏನು ಮಾಡೀತು?

"ಹಾಗಾದ್ರೆ ಮುಂದಿನ ಬಾಗಿಲೋ ಹಿಂದಿನದೋ ಗೊತ್ತಾಗಲಿಲ್ಲ ಅಲ್ವಾ?" ಅಂದ ಗೆಳೆಯ. ಗೊತ್ತಾಗಲಿಲ್ಲ. ಬೆಣ್ಣೆ ದೋಸೆ ಬಿಲ್ಲು ಮಾತ್ರ ಅವನ ಕೈಯಲ್ಲೇ ಕೊಡಿಸಿದೆ.